ಸಾರವೆಯ ಮೇಲೆ ಸುರಕ್ಷಿತವಾಗಿ ಕೆಲಸ ಮಾಡುವ ಕ್ರಮ: ನೆಲ ಗಟ್ಟಿ ಮಾಡುವುದರಿಂದ ಕೊನೆಯ ಹಲಗೆ ಇಳಿಸುವವರೆಗೆ

ಮೂರು ಅಂತಸ್ತಿನ ಮನೆಯ ಹೊರಗೋಡೆಗೆ ಪ್ಲಾಸ್ಟರಿಂಗ್ ಮಾಡಲು ಕಟ್ಟುವ ಸಾರವೆ (ನಿಂತು ಕೆಲಸ ಮಾಡುವ ತಾತ್ಕಾಲಿಕ ಅಟ್ಟಣೆ) ಹೆಚ್ಚೆಂದರೆ ಎರಡು ತಿಂಗಳು ನಿಲ್ಲುತ್ತದೆ. ಹೇಗಿದ್ದರೂ ಬಿಚ್ಚುವುದೇ ತಾನೆ ಎಂಬ ಕಾರಣಕ್ಕೆ ಅದಕ್ಕೊಂದು ನಕ್ಷೆ ಇರುವುದಿಲ್ಲ, ಅಂದಾಜು ಪಟ್ಟಿಯಲ್ಲಿ ಪ್ರತ್ಯೇಕ ಬಾಬತ್ತು ಇರುವುದಿಲ್ಲ. ಅದು ಯಾರ ಹೊಣೆ ಎಂದು ಕೇಳಿದರೆ ಗುತ್ತಿಗೆದಾರರು ಮೇಸ್ತ್ರಿಯ ಕಡೆಗೂ, ಮೇಸ್ತ್ರಿ ಬಾಡಿಗೆಗೆ ಸಾಮಾನು ಕೊಟ್ಟವರ ಕಡೆಗೂ ಕೈ ತೋರಿಸುತ್ತಾರೆ. ನಿರ್ಮಾಣ ಸ್ಥಳಗಳ ಮೇಲ್ವಿಚಾರಣೆಯಲ್ಲಿ ಹಲವು ವರ್ಷ ಕಳೆದ ಮೇಲೆ ನನಗೆ ಮನದಟ್ಟಾಗಿರುವ ಸಂಗತಿಯೊಂದಿದೆ. ಕಟ್ಟಿದ ದಿನ ಸಾರವೆ ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆಮೇಲೆ ಒಬ್ಬೊಬ್ಬರೂ ತಮ್ಮ ತಮ್ಮ ಕೆಲಸದ ಅನುಕೂಲಕ್ಕೆ ಒಂದು ಪೈಪು, ಒಂದು ಹಲಗೆ, ಪೈಪುಗಳನ್ನು ಕೂಡಿಸುವ ಒಂದು ಕ್ಲಾಂಪ್ ಎಂದು ಕಳಚುತ್ತ ಹೋದಾಗ ಅದು ಅಪಾಯಕ್ಕೆ ತಿರುಗುತ್ತದೆ. ಆದ್ದರಿಂದ ಇಲ್ಲಿ ಕಟ್ಟುವ ಕ್ರಮಕ್ಕೆ ಕೊಟ್ಟಷ್ಟೇ ಜಾಗವನ್ನು ಕಟ್ಟಿದ್ದನ್ನು ಕಟ್ಟಿದಂತೆಯೇ ಉಳಿಸಿಕೊಳ್ಳುವ ಕ್ರಮಕ್ಕೂ ಕೊಟ್ಟಿದ್ದೇನೆ. ಎರಡರಿಂದ ನಾಲ್ಕು ಅಂತಸ್ತಿನ ಕಟ್ಟಡಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ; ಅದಕ್ಕಿಂತ ಎತ್ತರದ ಕಟ್ಟಡವಾದರೆ ಎಂಜಿನಿಯರ್ ಲೆಕ್ಕ ಹಾಕಿ ಕೊಟ್ಟ ವಿನ್ಯಾಸವಿಲ್ಲದೆ ಸಾರವೆ ಎಬ್ಬಿಸಬಾರದು.

ಮೊದಲ ಹೆಜ್ಜೆ: ಹೊಣೆ ಒಬ್ಬರದೇ ಆಗಿರಲಿ

ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಪ್ರತ್ಯೇಕ ಕೇಂದ್ರ ಕಾಯ್ದೆ ಬಂತು, 1998ರಲ್ಲಿ ಕೇಂದ್ರದ ನಿಯಮಗಳೂ 2006ರಲ್ಲಿ ಕರ್ನಾಟಕದ ನಿಯಮಗಳೂ ಬಂದವು. ಈ ವಿಷಯವನ್ನು ಈಗ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೊಳಗೆ ಸೇರಿಸಲಾಗಿದೆ. ಸಾರವೆಗೆಂದೇ ಭಾರತೀಯ ಮಾನಕ ಸಂಸ್ಥೆಯ ಐಎಸ್ 3696 ಎಂಬ ಸುರಕ್ಷತಾ ಸಂಹಿತೆಯೂ ಇದೆ. ಆದರೆ 2020ರ ಸಂಹಿತೆಯ ಪ್ರಕಾರ ಸುರಕ್ಷತಾ ಅಧಿಕಾರಿಯನ್ನು ನೇಮಿಸಬೇಕಾದದ್ದು 250 ಅಥವಾ ಅದಕ್ಕಿಂತ ಹೆಚ್ಚು ಕಟ್ಟಡ ಕಾರ್ಮಿಕರಿರುವ ಕಡೆ. 30×40 ಸೈಟಿನಲ್ಲಿ ಹದಿನೈದು ಜನ ಮನೆ ಕಟ್ಟುತ್ತಿರುವಲ್ಲಿ ಅಂಥ ಅಧಿಕಾರಿ ಬರುವುದಿಲ್ಲ. ಅಲ್ಲಿ ನಾವೇ ಒಬ್ಬರನ್ನು ಗೊತ್ತುಮಾಡಿಕೊಳ್ಳಬೇಕು.

ನಾನು ಅನುಸರಿಸುವ ವಿಧಾನ ಸರಳವಾದದ್ದು. ಸಾರವೆ ಕಟ್ಟಿ ಅನುಭವವಿರುವ ಒಬ್ಬ ಮೇಸ್ತ್ರಿಗೆ ಸ್ಪ್ಯಾನರ್ ಒಪ್ಪಿಸುತ್ತೇನೆ. ಅವರನ್ನು ಬಿಟ್ಟು ಪ್ಲಾಸ್ಟರಿಂಗ್‌ನವರ ಬಳಿಯಾಗಲಿ, ಪ್ಲಂಬರ್ ಬಳಿಯಾಗಲಿ, ಬಣ್ಣದವರ ಬಳಿಯಾಗಲಿ ಕ್ಲಾಂಪಿನ ಸ್ಪ್ಯಾನರ್ ಇರಕೂಡದು. ಯಾರಿಗಾದರೂ ಒಂದು ಪೈಪು ಅಡ್ಡ ಬಂದರೆ ಅವರು ಆ ಮೇಸ್ತ್ರಿಯನ್ನು ಕರೆಯಬೇಕು, ಅವರು ಮೊದಲು ಪಕ್ಕದಲ್ಲಿ ಇನ್ನೊಂದು ಪೈಪು ಕಟ್ಟಿ ಆಮೇಲೆ ಅಡ್ಡ ಬಂದದ್ದನ್ನು ತೆಗೆಯಬೇಕು. ಇದರಿಂದ ದಿನಕ್ಕೆ ಅರ್ಧ ಗಂಟೆ ಕೆಲಸ ನಿಲ್ಲುತ್ತದೆ ಎಂಬ ದೂರು ಬಂದೇ ಬರುತ್ತದೆ. ನಿಲ್ಲಲಿ.

ನೆಲ

ಸಾರವೆಯ ಭಾರವೆಲ್ಲ ಕೊನೆಗೆ ಇಳಿಯುವುದು ಅಂಗೈಯಗಲದ ಕೆಲವು ಜಾಗಗಳ ಮೇಲೆ. ಈಗ ಹೆಚ್ಚಾಗಿ ಬಳಕೆಯಲ್ಲಿರುವ ಪೈಪಿನ ಹೊರವ್ಯಾಸ 48.3 ಮಿಲಿಮೀಟರ್. ಅದನ್ನು ಬರಿ ಮಣ್ಣಿನ ಮೇಲೆ ನಿಲ್ಲಿಸಿದರೆ ಒಂದು ಮಳೆಗೆ ಗೂಟದಂತೆ ಒಳಗೆ ಇಳಿಯುತ್ತದೆ. ಪ್ರತಿ ನಿಲುಕಂಬದ ಕೆಳಗೂ ಕನಿಷ್ಠ 15 ಸೆಂಟಿಮೀಟರ್ ಚೌಕದ ಬೇಸ್ ಪ್ಲೇಟ್ ಇರಬೇಕು, ಮಣ್ಣಿನ ನೆಲವಾದರೆ ಪ್ಲೇಟಿನ ಕೆಳಗೆ ಎರಡು ಕಂಬಗಳಿಗಾದರೂ ಸಾಲುವಷ್ಟು ಉದ್ದದ ದಪ್ಪ ಹಲಗೆ ಹಾಸಬೇಕು. ಏರುತಗ್ಗನ್ನು ತಿರುಗಿಸಿ ಎತ್ತರ ಹೊಂದಿಸುವ ಸ್ಕ್ರೂ ಜ್ಯಾಕ್‌ನಿಂದ ಸರಿಪಡಿಸಿಕೊಳ್ಳಬೇಕೇ ಹೊರತು ಇಟ್ಟಿಗೆಯನ್ನೋ ಸಿಮೆಂಟ್ ಬ್ಲಾಕನ್ನೋ ಕೆಳಗೆ ಕೊಡಬಾರದು. ಸಣ್ಣ ಸೈಟುಗಳಲ್ಲಿ ತೀರಾ ಸಾಮಾನ್ಯವಾಗಿ ಕಾಣುವ ತಪ್ಪು ಇದೇ. ಅಂಥ ಇಟ್ಟಿಗೆ ಒಂದು ಕಡೆ ಭಾರ ಬಿದ್ದ ಕ್ಷಣಕ್ಕೆ ಎರಡಾಗಿ ಸೀಳುತ್ತದೆ, ಸೀಳುವ ಮುನ್ನ ಯಾವ ಮುನ್ಸೂಚನೆಯನ್ನೂ ಕೊಡುವುದಿಲ್ಲ.

ಕಟ್ಟಡದ ಸುತ್ತ ಒಂದು ಮೀಟರ್ ಅಗಲದ ಪಟ್ಟಿಯನ್ನು ವಿಶೇಷವಾಗಿ ಪರೀಕ್ಷಿಸಬೇಕು, ಏಕೆಂದರೆ ಸಾರವೆ ನಿಲ್ಲುವುದು ಅಲ್ಲಿಯೇ, ಪಾಯಕ್ಕೆ ಅಗೆದು ಮತ್ತೆ ತುಂಬಿದ ಸಡಿಲ ಮಣ್ಣು ಇರುವುದೂ ಅಲ್ಲಿಯೇ. ಆ ಮಣ್ಣಿಗೆ ನೀರು ಬಿಟ್ಟು, ದಮ್ಮಸು ಮಾಡಿ, ಕೂರಲು ಬಿಡಬೇಕು. ಸಂಪಿನ ಮುಚ್ಚಳ, ಚರಂಡಿ ಚೇಂಬರ್, ಹೊಸದಾಗಿ ಹೂತ ಪೈಪಿನ ಸಾಲು ಇವುಗಳ ಮೇಲೆ ಕಂಬ ಬರದಂತೆ ಮೊದಲೇ ಸುಣ್ಣದಲ್ಲಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು. ಪ್ಲಾಸ್ಟರ್ ಗಟ್ಟಿಯಾಗಲು ಹಾಕುವ ಕ್ಯೂರಿಂಗ್ ನೀರು ಗೋಡೆಯಿಂದ ಇಳಿದು ನೇರವಾಗಿ ಕಂಬಗಳ ಬುಡದಲ್ಲೇ ನಿಲ್ಲುತ್ತದೆಂಬುದನ್ನು ಮರೆಯದೆ ಅದಕ್ಕೊಂದು ಕಾಲುವೆ ತೆಗೆಯಬೇಕು.

ಮೇಲೆ ನೋಡುವುದು

ನೆಲ ನೋಡಿದ ಮೇಲೆ ತಲೆ ಎತ್ತಿ ವಿದ್ಯುತ್ ತಂತಿಗಳನ್ನು ನೋಡಬೇಕು. ಬೆಂಗಳೂರಿನ ಇಕ್ಕಟ್ಟಾದ ಬಡಾವಣೆಗಳಲ್ಲಿ 11 ಕೆವಿ ಮಾರ್ಗ ಬಾಲ್ಕನಿಗೆ ಕೈಗೆಟುಕುವಷ್ಟು ಹತ್ತಿರ ಹಾದುಹೋಗಿರುವುದು ಹೊಸ ಸಂಗತಿಯಲ್ಲ. ವಿದ್ಯುತ್ ನಿಯಮಗಳ ಪ್ರಕಾರ ಕಟ್ಟಡಕ್ಕೂ 11 ಕೆವಿ ತಂತಿಗೂ ನಡುವೆ ಅಡ್ಡಳತೆಯಲ್ಲಿ ಕನಿಷ್ಠ 1.2 ಮೀಟರ್, 33 ಕೆವಿಗೆ 2 ಮೀಟರ್ ಅಂತರ ಬೇಕು. ಇದು ಕದಲದೆ ನಿಂತ ಗೋಡೆಗೆ ಹೇಳಿದ ಅಳತೆ. ಆರು ಮೀಟರ್ ಉದ್ದದ ಕಬ್ಬಿಣದ ಪೈಪನ್ನು ಒಬ್ಬರು ಮೇಲಿಂದ ಎಳೆದುಕೊಳ್ಳುವಾಗ ಅದರ ತುದಿ ಎಲ್ಲಿಗೆ ತೂಗಾಡುತ್ತದೆ ಎಂಬ ಲೆಕ್ಕ ಅದರಲ್ಲಿ ಇಲ್ಲ. ಹೀಗಾಗಿ ಸಾರವೆಯ ಯಾವುದೇ ಭಾಗದಿಂದ ಮೂರು ಮೀಟರಿನೊಳಗೆ ತಂತಿ ಇದ್ದರೆ ಬೆಸ್ಕಾಂ ಅಥವಾ ಆಯಾ ಭಾಗದ ವಿದ್ಯುತ್ ಕಂಪನಿಗೆ ಬರೆದುಕೊಟ್ಟು, ಮಾರ್ಗವನ್ನು ಬದಲಿಸಿಕೊಳ್ಳಬೇಕು ಅಥವಾ ಕಟ್ಟುವ ಮತ್ತು ಬಿಚ್ಚುವ ದಿನಗಳಲ್ಲಿ ವಿದ್ಯುತ್ ಕಡಿತ ಮಾಡಿಸಿಕೊಳ್ಳಬೇಕು. ತಂತಿಗೆ ಪ್ಲಾಸ್ಟಿಕ್ ಪೈಪು ತೊಡಿಸಿದರೆ ಸಾಕೆಂದು ಹೇಳುವವರ ಮಾತನ್ನು ಕೇಳಬಾರದು.

ಕಟ್ಟುವಾಗ

ಸರ್ವೆ ಕಂಬ, ಬಿದಿರು ಮತ್ತು ಹಗ್ಗದ ಸಾರವೆ ಇನ್ನೂ ಹಳ್ಳಿ ಮತ್ತು ಸಣ್ಣ ಊರುಗಳಲ್ಲಿ ನಡೆಯುತ್ತಿದೆ. ಅದರ ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ನಾರಿನ ಹಗ್ಗ ನೆನೆದಾಗ ಬಿಗಿದು ಒಣಗಿದಾಗ ಸಡಿಲವಾಗುವುದರಿಂದ ಪ್ರತಿ ಗಂಟನ್ನೂ ದಿನವೂ ಮುಟ್ಟಿ ನೋಡಬೇಕು, ಕಂಬದಲ್ಲಿ ಹುಳು ಹೊಡೆದ ಅಥವಾ ಸೀಳಿದ ಗುರುತಿದ್ದರೆ ಬಳಸಲೇಬಾರದು. ಎರಡು ಅಂತಸ್ತು ದಾಟಿದರೆ ಕಬ್ಬಿಣಕ್ಕೆ ಹೋಗುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಬಾಡಿಗೆ ಸಾಮಾನು ಬಂದಾಗ ಲಾರಿಯಿಂದ ಇಳಿಸುವಾಗಲೇ ಆರಿಸಬೇಕು. ಬಾಗಿದ ಪೈಪು, ತುದಿ ಚಪ್ಪಟೆಯಾದ ಪೈಪು, ತುಕ್ಕು ಹಿಡಿದು ಪದರ ಪದರವಾಗಿ ಏಳುವ ಪೈಪು, ತಿರುಪಿನ ಮರೆ ಸವೆದ ಬೋಲ್ಟ್ ಇವನ್ನು ಅದೇ ಲಾರಿಯಲ್ಲಿ ಹಿಂದಕ್ಕೆ ಕಳಿಸಬೇಕು. ಕಪ್‌ಲಾಕ್ ಮಾದರಿಯಲ್ಲಿ ನಿಲುಕಂಬಕ್ಕೆ ಅರ್ಧ ಮೀಟರಿಗೊಂದರಂತೆ ಬೆಸೆದ ಕೆಳಬಟ್ಟಲು ಇರುತ್ತದೆ. ಲೆಡ್ಜರಿನ, ಅಂದರೆ ಅಡ್ಡಪೈಪಿನ, ತುದಿಯ ನಾಲಿಗೆಯನ್ನು ಅದರಲ್ಲಿ ಕೂರಿಸಿ, ಮೇಲಿನ ಬಟ್ಟಲನ್ನು ಇಳಿಸಿ ತಿರುಗಿಸಿ ಸುತ್ತಿಗೆಯಿಂದ ಹೊಡೆದು ಬಿಗಿಮಾಡಬೇಕು. ಬಿಗಿ ಕೂತಾಗ ಬರುವ ಗಡುಸು ಸದ್ದಿಗೂ, ಸಡಿಲವಿದ್ದಾಗ ಬರುವ ಗಲಗಲ ಸದ್ದಿಗೂ ಇರುವ ವ್ಯತ್ಯಾಸವನ್ನು ಹೊಸಬರಿಗೆ ಮೊದಲ ದಿನವೇ ಕಿವಿಗೆ ಹಾಕಬೇಕು. ಪೈಪು ಮತ್ತು ಕ್ಲಾಂಪಿನ ಸಾರವೆಯಾದರೆ ಭಾರ ಹೊರುವ ಕೂಡುಗಳಿಗೆ ಲಂಬಕೋನದ ಗಟ್ಟಿ ಕ್ಲಾಂಪನ್ನೇ ಹಾಕಬೇಕು. ಹೊರಳುವ ಸ್ವಿವೆಲ್ ಕ್ಲಾಂಪ್ ಇರುವುದು ಓರೆ ಪೈಪುಗಳಿಗೆ.

ಆ ಓರೆ ಪೈಪು, ಅಂದರೆ ಬ್ರೇಸಿಂಗ್, ಇಲ್ಲದಿದ್ದರೆ ಎಷ್ಟೇ ದಪ್ಪದ ಪೈಪು ಹಾಕಿದರೂ ಇಡೀ ಚೌಕಟ್ಟು ಮಂಚದ ಸಡಿಲ ಕಾಲಿನಂತೆ ಪಕ್ಕಕ್ಕೆ ವಾಲುತ್ತದೆ. ಹೊರಮುಖದಲ್ಲಿ ಬುಡದಿಂದ ತುದಿಯವರೆಗೆ ಎಡೆಬಿಡದೆ ಓರೆ ಪೈಪು ಹಾಯಬೇಕು, ಅಡ್ಡ ದಿಕ್ಕಿನಲ್ಲೂ ಇರಬೇಕು. ಇದಕ್ಕಿಂತ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾಗುವುದು ಕಟ್ಟಡಕ್ಕೆ ಕಟ್ಟುವ ಟೈ. ಸಾರವೆ ಕಟ್ಟಡದಿಂದ ದೂರ ಸರಿಯದಂತೆಯೂ ಅದರ ಮೇಲೆ ಒರಗದಂತೆಯೂ ಹಿಡಿಯುವುದು ಅದು. ಎತ್ತರದಲ್ಲಿ ಸುಮಾರು ನಾಲ್ಕು ಮೀಟರಿಗೊಂದು, ಉದ್ದದಲ್ಲಿ ಸುಮಾರು ಆರು ಮೀಟರಿಗೊಂದು ಟೈ ಇರುವಂತೆ ನೋಡಿಕೊಳ್ಳಬೇಕು. ಕಾಂಕ್ರೀಟ್ ಕಂಬದ ಸುತ್ತ ಪೈಪಿನ ಚೌಕ ಕಟ್ಟುವುದು ಎಲ್ಲಕ್ಕಿಂತ ಗಟ್ಟಿ. ಕಿಟಕಿಯ ಚೌಕಟ್ಟು, ಮಳೆನೀರಿನ ಪೈಪು, ಪ್ಯಾರಪೆಟ್ ಗೋಡೆ, ಬೈಂಡಿಂಗ್ ವಯರ್ ಇವುಗಳಲ್ಲಿ ಯಾವುದೂ ಟೈ ಅಲ್ಲ. ದೂಳು ತಡೆಯಲು ಹಸಿರು ಬಲೆ ಹೊದಿಸಿದರಂತೂ ಸಾರವೆ ಹಾಯಿಯಾಗಿ ಬಿಡುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಸಂಜೆ ಹೊತ್ತು ಮಳೆಗೆ ಮುಂಚೆ ನುಗ್ಗುವ ಗಾಳಿಯನ್ನು ನೋಡಿದವರಿಗೆ ಆಗ ಟೈಗಳನ್ನು ದುಪ್ಪಟ್ಟು ಮಾಡಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಹಲಗೆ, ಕಟಕಟೆ, ಏಣಿ

ಕೆಲಸ ಮಾಡುವ ಹಂತದಲ್ಲಿ ಹಲಗೆಗಳು ಗೋಡೆಯ ಕಡೆಯಿಂದ ಹೊರ ಅಂಚಿನವರೆಗೆ ಸಂದು ಬಿಡದೆ ತುಂಬಿರಬೇಕು. 38 ಮಿಲಿಮೀಟರ್ ದಪ್ಪದ ಹಲಗೆಯಾದರೆ ಒಂದೂವರೆ ಮೀಟರಿಗೊಂದು ಆಧಾರ ಬೇಕು. ಹಲಗೆಯ ತುದಿ ಕೊನೆಯ ಆಧಾರವನ್ನು ದಾಟಿ ಕನಿಷ್ಠ 5 ಸೆಂಟಿಮೀಟರ್ ಬರಬೇಕು, ಆದರೆ ತನ್ನ ದಪ್ಪದ ನಾಲ್ಕು ಪಟ್ಟಿಗಿಂತ, ಅಂದರೆ ಸುಮಾರು 15 ಸೆಂಟಿಮೀಟರಿಗಿಂತ ಹೆಚ್ಚು ಚಾಚಬಾರದು. ಹೆಚ್ಚು ಚಾಚಿದರೆ ಅದರ ತುದಿಯಲ್ಲಿ ಕಾಲಿಟ್ಟವರನ್ನು ಹಲಗೆ ಏತದಂತೆ ಕೆಳಕ್ಕೆ ಸುರಿಯುತ್ತದೆ.

ಯಾದಗಿರಿ ಕಡೆಯಿಂದ ಬಂದಿದ್ದ ಹೆಣ್ಣುಮಗಳೊಬ್ಬಳು ಒಂದು ಬೆಳಿಗ್ಗೆ ಬಾಣಲಿ ಹೊತ್ತು ಎರಡನೇ ಹಂತಕ್ಕೆ ಏರಿದವಳು ಅಲ್ಲಿಯೇ ನಿಂತು, "ಹಲಗಿ ಅಳ್ಳಾಡಾಕತ್ತೈತ್ರಿ ಸರ" ಎಂದಳು. ಹೋಗಿ ನೋಡಿದರೆ ಹಲಗೆಯ ಒಂದು ತುದಿ ಆಧಾರದಿಂದ ಎರಡು ಅಡಿ ಆಚೆ ಚಾಚಿತ್ತು, ಪಕ್ಕದ ಹಲಗೆ ಮಾಯವಾಗಿತ್ತು, ಕಿಟಕಿಯೊಳಗೆ ಹಾಯಿಸಿದ್ದ ಟೈ ಪೈಪು ಕೂಡ ಇರಲಿಲ್ಲ. ಹಿಂದಿನ ಸಂಜೆ ಒಳಗೆ ಸಜ್ಜದ ಕೆಲಸಕ್ಕೆ ಹಲಗೆ ಬೇಕಾಗಿದ್ದಕ್ಕೆ ಒಬ್ಬರು ಒಯ್ದಿದ್ದರು, ಕಿಟಕಿಯ ಅಂಚು ಪ್ಲಾಸ್ಟರ್ ಮಾಡಲು ಇನ್ನೊಬ್ಬರು ಪೈಪು ಬಿಚ್ಚಿದ್ದರು. ಒಬ್ಬರು ಮಾಡಿದ್ದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಸ್ಪ್ಯಾನರ್ ಒಬ್ಬರ ಕೈಗೆ ಕೊಡುವ ಪದ್ಧತಿ ನಾನು ಶುರು ಮಾಡಿದ್ದು ಅಂದಿನಿಂದ. ಅವಳಂತೆ ಕೆಲಸ ನಿಲ್ಲಿಸಿ ಹೇಳುವವರಿಗೆ ಆ ದಿನದ ಕೂಲಿ ಕಡಿಯುವುದಿಲ್ಲ ಎಂದು ಎಲ್ಲರೆದುರು ಹೇಳಿಬಿಡುವುದೂ ಸುರಕ್ಷತಾ ಕ್ರಮವೇ.

ಹೊರ ಅಂಚಿಗೆ ಕಟಕಟೆಯಾಗಿ ಸೊಂಟದ ಎತ್ತರದಲ್ಲಿ, ಸುಮಾರು ಒಂದು ಮೀಟರಿಗೆ, ಒಂದು ಅಡ್ಡಪೈಪು, ಅದರ ಅರ್ಧಕ್ಕೆ ಇನ್ನೊಂದು, ಕಾಲಿನ ಬಳಿ ಅರ್ಧ ಅಡಿ ಎತ್ತರದ ಪಟ್ಟಿ ಇರಬೇಕು. ಈ ಕಾಲುಪಟ್ಟಿ ಕೆಳಗೆ ಓಡಾಡುವವರನ್ನು ಕಾಪಾಡುವುದಕ್ಕೆ. ಕರಣೆಯೋ ಇಟ್ಟಿಗೆಯ ಚೂರೋ ಉರುಳಿ ಬೀಳದಂತೆ ಅದು ತಡೆಯುತ್ತದೆ. ಏಣಿಯನ್ನು ನಾಲ್ಕಕ್ಕೆ ಒಂದರ ಲೆಕ್ಕದಲ್ಲಿ ಒರಗಿಸಬೇಕು, ಅಂದರೆ ನಾಲ್ಕು ಮೀಟರ್ ಎತ್ತರಕ್ಕೆ ಬುಡ ಒಂದು ಮೀಟರ್ ಹೊರಗೆ. ಅದು ಇಳಿಯುವ ಹಂತದಿಂದ ಒಂದು ಮೀಟರ್ ಮೇಲಕ್ಕೆ ಚಾಚಿರಬೇಕು, ಮೇಲ್ತುದಿಯನ್ನು ಕಟ್ಟಿರಬೇಕು. ಬ್ರೇಸಿಂಗ್ ಹಿಡಿದು ಮಂಗನಂತೆ ಹತ್ತುವುದನ್ನು ಯುವಕರು ಜಾಣ್ಮೆ ಎಂದುಕೊಳ್ಳುತ್ತಾರೆ. ಹತ್ತಿರದಲ್ಲೇ ಏಣಿ ಇದ್ದರೆ ಬಹುತೇಕರು ಹಾಗೆ ಹತ್ತುವುದಿಲ್ಲ, ಆದ್ದರಿಂದ ಇನ್ನೊಂದು ಏಣಿ ತರಿಸುವುದು ಬೈಯುವುದಕ್ಕಿಂತ ಅಗ್ಗ.

ಭಾರದ ಲೆಕ್ಕ

ಪ್ಲಾಸ್ಟರಿಂಗ್‌ನಂಥ ಸಾಮಾನ್ಯ ಕೆಲಸದ ಸಾರವೆಗೆ ಚದರ ಮೀಟರಿಗೆ 200 ಕೆಜಿ ಎಂದು ಹಿಡಿದುಕೊಳ್ಳೋಣ. ಎರಡು ಕಂಬಗಳ ನಡುವಿನ ಅಂಕಣ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲವಿದ್ದರೆ ಅದು ಹೊರಬಹುದಾದದ್ದು 400 ಕೆಜಿ. ಸಲಕರಣೆ ಸಮೇತ ಇಬ್ಬರು ನಿಂತರೆ 180 ಕೆಜಿ ಹೋಯಿತು. ಗಾರೆ ತುಂಬಿದ ನಾಲ್ಕು ಬಾಣಲಿ ಇಟ್ಟರೆ ಮತ್ತೆ 100 ಕೆಜಿ. ಉಳಿದದ್ದು 120. ಆರಿಂಚಿನ ಗಟ್ಟಿ ಕಾಂಕ್ರೀಟ್ ಬ್ಲಾಕ್ ಒಂದಕ್ಕೆ ಸುಮಾರು 25 ಕೆಜಿ ತೂಕವಿರುವುದರಿಂದ ಐದನೆಯ ಬ್ಲಾಕ್ ಇಡುವಾಗಲೇ ಮಿತಿ ಮುಗಿದಿರುತ್ತದೆ. ಆದರೆ ಸೈಟುಗಳಲ್ಲಿ ಬೆಳಿಗ್ಗೆಯೇ ದಿನಕ್ಕಾಗುವಷ್ಟು ಇಪ್ಪತ್ತು ಬ್ಲಾಕುಗಳನ್ನು ಒಂದೇ ಅಂಕಣದಲ್ಲಿ ಪೇರಿಸುವುದು ಮಾಮೂಲು. ಸಾಮಾನನ್ನು ಕಂಬದ ಹತ್ತಿರ, ಬೇರೆ ಬೇರೆ ಅಂಕಣಗಳಲ್ಲಿ ಹಂಚಿ, ಬೇಕಾದಷ್ಟನ್ನೇ ಆಗಾಗ ಏರಿಸಬೇಕು. ರಾಟೆಯನ್ನು ಕಟಕಟೆಯ ಪೈಪಿಗೆ ಕಟ್ಟಬಾರದು. ಅದಕ್ಕೆ ಓರೆಯಿಂದ ಬಲಪಡಿಸಿದ ಪ್ರತ್ಯೇಕ ಆಧಾರ ಬೇಕು. ಗಾಲಿ ಮೇಲಿನ ಟವರ್ ಬಳಸುವವರು ಬುಡದ ಕಿರಿದಾದ ಬದಿಯ ಮೂರು ಪಟ್ಟಿಗಿಂತ ಎತ್ತರಕ್ಕೆ ಹೋಗದೆ, ಜನ ಮೇಲಿರುವಾಗ ತಳ್ಳದೆ, ನಾಲ್ಕೂ ಗಾಲಿಗಳಿಗೆ ಬ್ರೇಕ್ ಹಾಕಿದ ಮೇಲೆಯೇ ಹತ್ತಬೇಕು.

ಬೆಲ್ಟ್ ಕಟ್ಟಿಕೊಳ್ಳುವ ಬಗೆ

ಸೊಂಟಕ್ಕೆ ಮಾತ್ರ ಬಿಗಿಯುವ ಹಳೆಯ ಬೆಲ್ಟ್ ಬಿದ್ದವರ ಬೆನ್ನುಮೂಳೆಯನ್ನೋ ಹೊಟ್ಟೆಯನ್ನೋ ಘಾಸಿಗೊಳಿಸುತ್ತದೆ, ಅದನ್ನು ಎಸೆದುಬಿಡಬೇಕು. ಭುಜ, ಎದೆ, ತೊಡೆ ಮೂರನ್ನೂ ಹಿಡಿಯುವ, ಐಎಸ್ 3521 ಗುರುತಿರುವ ಫುಲ್ ಬಾಡಿ ಹಾರ್ನೆಸ್ ಬೇಕು. ಎರಡು ಕೊಕ್ಕೆಯದಾದರೆ ಒಂದನ್ನು ಬಿಚ್ಚಿ ಮುಂದಕ್ಕೆ ಹಾಕುವಾಗ ಇನ್ನೊಂದು ಹಿಡಿದೇ ಇರುತ್ತದೆ.

ಅದನ್ನು ಎಲ್ಲಿಗೆ ಸಿಕ್ಕಿಸುತ್ತೇವೆಂಬುದರ ಮೇಲೆ ಎಲ್ಲ ನಿಂತಿದೆ. ಹಗ್ಗದ ಉದ್ದ 1.8 ಮೀಟರ್, ಬಿದ್ದ ಹೊಡೆತಕ್ಕೆ ಬಿಚ್ಚಿಕೊಳ್ಳುವ ಆಘಾತ ತಗ್ಗಿಸುವ ಪಟ್ಟಿ ಒಂದು ಮೀಟರಿಗಿಂತ ಹೆಚ್ಚು, ಹಗ್ಗ ಸೇರುವ ಬೆನ್ನಿನ ಬಳೆಯಿಂದ ಪಾದದವರೆಗೆ ಒಂದೂವರೆ ಮೀಟರ್, ಅದರ ಕೆಳಗೆ ಒಂದು ಮೀಟರ್ ಬಿಡುವು: ಎಲ್ಲ ಕೂಡಿದರೆ ಕೊಕ್ಕೆ ಹಾಕಿದ ಜಾಗದಿಂದ ನೆಲಕ್ಕೆ ಐದೂವರೆ ಆರು ಮೀಟರ್ ಬೇಕಾಗುತ್ತದೆ. ಎರಡು ಮೀಟರ್ ಎತ್ತರದ ಮೊದಲ ಹಂತದಲ್ಲಿ ನಿಂತು ಬೆನ್ನಿನ ಮಟ್ಟಕ್ಕೆ ಕೊಕ್ಕೆ ಹಾಕಿಕೊಂಡವರು ಹಗ್ಗ ತಡೆದು ನಿಲ್ಲಿಸುವ ಮುನ್ನವೇ ನೆಲ ಮುಟ್ಟಿರುತ್ತಾರೆ. ಆ ಹಂತದಲ್ಲಿ ತುಂಬಿದ ಹಲಗೆ ಮತ್ತು ಕಟಕಟೆಯನ್ನೇ ನಂಬಬೇಕು. ಮೇಲಿನ ಹಂತಗಳಲ್ಲಿ ತಲೆಗಿಂತ ಮೇಲೆ, ಕಟ್ಟಡದ ಕಂಬಕ್ಕೋ ಅಲ್ಲಿಂದ ಎಳೆದು ಕಟ್ಟಿದ ಸುರಕ್ಷತಾ ಹಗ್ಗಕ್ಕೋ (ಲೈಫ್‌ಲೈನ್) ಕೊಕ್ಕೆ ಹಾಕಬೇಕು. ಬಿದ್ದು ಹಾರ್ನೆಸ್‌ನಲ್ಲಿ ತೂಗಾಡುತ್ತಿರುವವರನ್ನು ಕೆಲವೇ ನಿಮಿಷಗಳಲ್ಲಿ ಇಳಿಸದಿದ್ದರೆ ತೊಡೆಯ ಪಟ್ಟಿಗಳು ರಕ್ತಸಂಚಾರಕ್ಕೆ ಅಡ್ಡಿಯಾಗಿ ಪ್ರಾಣಕ್ಕೇ ಕುತ್ತಾಗಬಹುದು, ಆದ್ದರಿಂದ ಅವರ ಬಳಿ ತಲುಪುವ ಏಣಿ ಯಾವುದು, ಇಳಿಸುವವರು ಯಾರು ಎಂಬುದನ್ನು ಮೊದಲೇ ಗೊತ್ತುಮಾಡಿರಬೇಕು. ನೆಲಕ್ಕೆ ಬಿದ್ದವರನ್ನು ಕೈಕಾಲು ಹಿಡಿದೆತ್ತಿ ಆಟೋದಲ್ಲಿ ಮಡಚಿ ಕೂರಿಸುವ ಬದಲು, ಕತ್ತು ಅಲುಗದಂತೆ ನೋಡಿಕೊಂಡು 108ಕ್ಕೆ ಕರೆ ಮಾಡಬೇಕು.

ಹೆಲ್ಮೆಟ್ಟಿನ ಗಲ್ಲಪಟ್ಟಿ ಹಾಕದಿದ್ದರೆ ಬೀಳುವಾಗ ಅದು ಮೊದಲು ಕೆಳಗೆ ಹೋಗುತ್ತದೆ. ಹವಾಯಿ ಚಪ್ಪಲಿಯಲ್ಲಿ ಹತ್ತಲು ಬಿಡಬಾರದು. ಶೂ ಕೊಡುವುದು ಕೆಲಸ ಕೊಟ್ಟವರ ಜವಾಬ್ದಾರಿ. ಸೀರೆಯ ಮೇಲೆ ಶರ್ಟ್ ತೊಡುವ ಹೆಣ್ಣುಮಕ್ಕಳು ಸೆರಗು ಒಳಗೆ ಸೇರಿಸಿ, ನೆರಿಗೆ ಎತ್ತಿ ಕಟ್ಟಿದರೆ ಕ್ಲಾಂಪಿಗೆ ಸಿಕ್ಕುವುದಿಲ್ಲ.

ದಿನದ ತಪಾಸಣೆ

ಬೆಳಿಗ್ಗೆ ಕೆಲಸಕ್ಕೆ ಮುಂಚೆ ಹೊಣೆ ಹೊತ್ತ ಮೇಸ್ತ್ರಿ ಬುಡದಿಂದ ಶುರುಮಾಡಿ ಮೇಲಕ್ಕೆ ಹೋಗುತ್ತ ನೋಡಬೇಕು: ಪ್ಲೇಟ್ ಕುಸಿದಿದೆಯೇ, ಕಂಬ ನೇರವಿದೆಯೇ, ಟೈಗಳ ಸಂಖ್ಯೆ ನಿನ್ನೆಯಷ್ಟೇ ಇದೆಯೇ, ಹಲಗೆ, ಕಟಕಟೆ, ಏಣಿಯ ಕಟ್ಟು ಸರಿಯಿವೆಯೇ. ಟೈಗಳಿಗೆ ಕೆಂಪು ಬಣ್ಣ ಬಳಿದರೆ ಕೆಳಗಿನಿಂದಲೇ ಎಣಿಸಬಹುದು, ಇದು ನಾನು ಕಂಡುಕೊಂಡ ಸಣ್ಣ ಉಪಾಯ. ವಾರಕ್ಕೊಮ್ಮೆ ಎಂಜಿನಿಯರ್ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಜೋರು ಮಳೆ ಗಾಳಿ ಬಂದ ಮೇಲೆ, ಲಾರಿ ತಗುಲಿದ ಮೇಲೆ, ನಾಲ್ಕಾರು ದಿನ ರಜೆಯ ಮೇಲೆ ವಾರ ತುಂಬುವವರೆಗೆ ಕಾಯಬಾರದು. ಏಣಿಯ ಬಳಿ ಹತ್ತಬಹುದಾದರೆ ಹಸಿರು, ಹತ್ತಬಾರದಾದರೆ ಕೆಂಪು ಹಲಗೆ ತೂಗಿಸಬೇಕು. ರಾಯಚೂರಿನವರ ಜೊತೆಗೆ ಬಿಹಾರ, ಒಡಿಶಾ, ಬಂಗಾಳದವರೂ ಇರುವ ಸೈಟಿನಲ್ಲಿ ಕನ್ನಡದ ಬರಹವೊಂದೇ ಸಾಲದು. ಬಣ್ಣ ಮತ್ತು ಚಿತ್ರ ಎಲ್ಲರಿಗೂ ತಿಳಿಯುತ್ತದೆ. ಮಳೆ, ಮಿಂಚು, ಜೋರು ಗಾಳಿಯಲ್ಲಿ ಎಲ್ಲರನ್ನೂ ಕೆಳಗಿಳಿಸಬೇಕು. ಮೂರ್ಛೆ ರೋಗವಿರುವವರು, ತಲೆ ಸುತ್ತುವವರು, ಕುಡಿದು ಬಂದವರು ಅಂದು ಎತ್ತರದಿಂದ ದೂರವಿದ್ದು ಕೆಳಗಿನ ಕೆಲಸ ಮಾಡಲಿ ಅಥವಾ ಮನೆಗೆ ಹೋಗಲಿ.

ಇನ್ನೊಂದು ಕಾಗದದ ಕೆಲಸವಿದೆ. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಅಪಘಾತದ ನೆರವು ಕೇಳಲು ಹೋದಾಗ ಕಾರ್ಡ್ ನವೀಕರಣವಾಗಿಲ್ಲವೆಂದು ಕುಟುಂಬದವರು ಅಲೆಯುವುದನ್ನು ಕಂಡಿದ್ದೇನೆ. ಕೆಲಸ ಶುರುವಾಗುವ ವಾರದಲ್ಲೇ ಎಲ್ಲರ ಕಾರ್ಡ್ ನೋಡಿಬಿಡುವುದು ಮೇಲ್ವಿಚಾರಕರಿಗೆ ಒಂದು ಸಂಜೆಯ ಕೆಲಸ.

ಬಿಚ್ಚುವಾಗ

ಕಟ್ಟುವುದಕ್ಕಿಂತ ಬಿಚ್ಚುವ ದಿನ ಅವಸರ ಹೆಚ್ಚು, ಏಕೆಂದರೆ ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತಿರುತ್ತದೆ. ಮೊದಲು ಕೆಳಗೆ ಹಗ್ಗ ಕಟ್ಟಿ ಓಡಾಟ ನಿಲ್ಲಿಸಬೇಕು. ಕಟ್ಟಿದ ಕ್ರಮಕ್ಕೆ ತಿರುವುಮುರುವಾಗಿ ಮೇಲಿನಿಂದ ಒಂದೊಂದೇ ಹಂತ ಬಿಚ್ಚಬೇಕು, ಆ ಹಂತದ ಪೈಪುಗಳೆಲ್ಲ ಇಳಿಯುವವರೆಗೆ ಅದರ ಟೈಯನ್ನೂ ಓರೆ ಪೈಪನ್ನೂ ಮುಟ್ಟಬಾರದು. ಟೈಗಳನ್ನೆಲ್ಲ ಬೆಳಿಗ್ಗೆಯೇ ಒಟ್ಟಿಗೆ ಬಿಚ್ಚಿಟ್ಟುಕೊಂಡು ಆಮೇಲೆ ಆರಾಮಾಗಿ ಪೈಪು ಇಳಿಸುವ ಅಭ್ಯಾಸವನ್ನು ಎಲ್ಲಿ ಕಂಡರೂ ಅಲ್ಲೇ ನಿಲ್ಲಿಸಬೇಕು. ಸಾಮಾನನ್ನು ಹಗ್ಗದಲ್ಲಿ ಇಳಿಸಬೇಕು. ಮೇಲಿಂದ ಎಸೆದ ಕ್ಲಾಂಪ್ ಪುಟಿದು ಎತ್ತ ಹೋಗುತ್ತದೆಂದು ಎಸೆದವರಿಗೂ ಗೊತ್ತಿರುವುದಿಲ್ಲ.

ಇಳಿದ ಹಲಗೆಗಳನ್ನು ಎರಡು ಇಟ್ಟಿಗೆಯ ಮೇಲಿಟ್ಟು ನಡುವೆ ಒಬ್ಬರು ನಿಂತು ನೋಡಬೇಕು. ಬಿರುಕು ಬಿಟ್ಟದ್ದನ್ನು, ಗಂಟಿನ ಬಳಿ ಸೀಳಿದ್ದನ್ನು, ತುದಿ ಕೊಳೆತದ್ದನ್ನು ಪಕ್ಕಕ್ಕಿಟ್ಟರೆ ಸಾಲದು, ಮುಂದಿನ ಸೈಟಿಗೆ ಲಾರಿ ತುಂಬುವಾಗ ಅದೂ ಏರಿಬಿಡುತ್ತದೆ. ಅಂಥ ಹಲಗೆಯನ್ನು ಅಲ್ಲೇ ಗರಗಸದಿಂದ ನಡುವಿಗೆ ಕೊಯ್ದು, ನೀರೊಲೆಗೆ ಕೊಟ್ಟುಬಿಡಬೇಕು.